ಗಲ್ಲಾಪೆಟ್ಟಿಗೆ ಪಿಂಚಣಿಯಲ್ಲ

“ಅಂಗಡಿ ಇರುವವನಿಗೆ ಪಿಂಚಣಿ ಯಾತಕ್ಕೆ? ಅಂಗಡಿಯೇ ಅವನ ಪಿಂಚಣಿ.” ಬಜೆಟ್ ಮರುದಿನ ಟಿವಿ ಚರ್ಚೆಗೆ ಕೂರುವ ಪಂಡಿತರು ಈ ಮಾತು ಹೇಳುತ್ತಾರೆ. ತಿಂಗಳ ಕೊನೆಗೆ ತಪ್ಪದೆ ಸಂಬಳ ಎಣಿಸುವವರು ಸ್ವಲ್ಪ ಅಸೂಯೆ ಬೆರೆಸಿ ಇದನ್ನೇ ಹೇಳುತ್ತಾರೆ. ಇಳಿವಯಸ್ಸಿಗೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ ವರ್ತಕರೂ ಎದೆಯುಬ್ಬಿಸಿ ಇದನ್ನೇ ಒಪ್ಪಿಸುತ್ತಾರೆ. ಎಲ್ಲರೂ ತಲೆದೂಗುವ ಮಾತಾದ್ದರಿಂದ ಅದನ್ನು ಒರೆಗೆ ಹಚ್ಚಿ ನೋಡಿದವರಿಲ್ಲ.

ಈ ಮಾತು ಸುಳ್ಳು. ಮಾತಿಗಷ್ಟೇ ನಿಲ್ಲುವ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನಮ್ಮ ತೆರಿಗೆ ಕಾನೂನಿನ ಒಂದು ಇಡೀ ಮೂಲೆ ಇದರ ಮೇಲೆಯೇ ನಿಂತಿದೆ. ಪಾಲುದಾರಿಕೆ ಸಂಸ್ಥೆಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ದುಡಿಯುವ ಪಾಲುದಾರನ ದುಡಿಮೆಯನ್ನು, ಅವನ ಮುಪ್ಪಿನ ಉಳಿತಾಯದ ವಿಷಯ ಬಂದಾಗ ಮಾತ್ರ, ದುಡಿಮೆಯೆಂದು ಎಣಿಸಲು ಆ ಮೂಲೆ ಒಪ್ಪುವುದಿಲ್ಲ.

ಯಾರು ಈ ಪಾಲುದಾರರು? ಕೋಟ್ಯಧಿಪತಿಗಳನ್ನು ಕಲ್ಪಿಸಿಕೊಳ್ಳಬೇಡಿ. ಅಣ್ಣತಮ್ಮಂದಿರು ಸೇರಿ ನಡೆಸುವ ಉಡುಪಿ ಹೋಟೆಲು, ಎಪಿಎಂಸಿ ಅಂಗಳದ ದಲಾಲಿ ಅಂಗಡಿ, ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡ ವರ್ಕ್‌ಶಾಪ್, ತಾಲ್ಲೂಕು ಆಸ್ಪತ್ರೆಯ ಎದುರಿನ ಔಷಧಿ ಅಂಗಡಿ, ಇಬ್ಬರು ವಕೀಲರ ಕಚೇರಿ. ಇವರೆಲ್ಲರ ಲೆಕ್ಕ ಬರೆಯುವ ಆಡಿಟರುಗಳಲ್ಲೂ ಅನೇಕರು ಪಾಲುದಾರರೇ. ಇವರಲ್ಲಿ ಹಲವರು ಹಾಕಿದ ಬಂಡವಾಳ ಅಲ್ಪ. ಒಬ್ಬ ದುಡ್ಡು ಹಾಕಿರುತ್ತಾನೆ, ಇನ್ನೊಬ್ಬ ರಟ್ಟೆ ಹಾಕಿರುತ್ತಾನೆ. ಆ ರಟ್ಟೆಗೆ ಅರವತ್ತಾದಾಗ ಏನು ಗತಿ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲ ಆರೋಪ ಸಂಬಳದ್ದು. 1961ರ ಆದಾಯ ತೆರಿಗೆ ಕಾಯ್ದೆಯ 15ನೇ ಕಲಮಿನ ವಿವರಣೆ ಹೇಳಿದ್ದು ಇಷ್ಟು: ಸಂಸ್ಥೆಯಿಂದ ಪಾಲುದಾರನಿಗೆ ಬರುವ ಸಂಬಳ, ಬೋನಸ್, ಕಮಿಷನ್ ಯಾವುದೂ ‘ಸಂಬಳ’ವಲ್ಲ. ಅದು ವ್ಯಾಪಾರದ ಆದಾಯ. ಸಂಬಳವಲ್ಲ ಎಂದ ಮೇಲೆ ಅವನು ನೌಕರನಲ್ಲ. ನೌಕರನಲ್ಲದವನಿಗೆ ಭವಿಷ್ಯನಿಧಿ ಇಲ್ಲ, ಗ್ರಾಚ್ಯುಟಿ ಇಲ್ಲ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ (ಎನ್‌ಪಿಎಸ್) ಖಾತೆಗೆ ಮಾಲೀಕನ ವಂತಿಗೆಯೂ ಇಲ್ಲ. ಅದೇ ಹೋಟೆಲಿನ ಕೌಂಟರಿನಲ್ಲಿ ಬಿಲ್ ಬರೆಯುವ ಹುಡುಗನಿಗೆ ಪಿಎಫ್ ಕಟ್ಟಬೇಕಾದ ಪಾಲುದಾರ, ತಾನೇ ಹದಿನಾಲ್ಕು ಗಂಟೆ ಅಡುಗೆಮನೆಯಲ್ಲಿ ನಿಂತರೂ, ಕಾನೂನಿನ ಕಣ್ಣಿಗೆ ದುಡಿಯುವವನಲ್ಲ!

ಇದಕ್ಕೊಂದು ಶಾಸ್ತ್ರವೂ ಇದೆ. 1970ರ ದಶಕದಲ್ಲಿ ಚಿದಂಬರಂ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತರ್ಕವನ್ನು ಸ್ಪಷ್ಟವಾಗಿ ಮುಂದಿಟ್ಟಿತು. ಸಂಸ್ಥೆಯೆಂದರೆ ಪಾಲುದಾರರ ಒಟ್ಟು ಹೆಸರೇ ಹೊರತು ಬೇರೊಬ್ಬ ವ್ಯಕ್ತಿಯಲ್ಲ, ತನ್ನನ್ನು ತಾನೇ ನೌಕರಿಗೆ ಇಟ್ಟುಕೊಳ್ಳಲಾಗದು, ಆದ್ದರಿಂದ ಪಾಲುದಾರನ ಸಂಬಳ ಲಾಭದ್ದೇ ಇನ್ನೊಂದು ರೂಪ. ಮುಂದೆ ರಾಮಾನುಜ ಮ್ಯಾಚ್ ಇಂಡಸ್ಟ್ರೀಸ್ ಪ್ರಕರಣದಲ್ಲಿ, ಕೂಲಿ ಪಡೆದು ದುಡಿದರೂ ಪಾಲುದಾರ ಇಎಸ್‌ಐ ಕಾಯ್ದೆಯ ನೌಕರನಲ್ಲ ಎಂದೂ ತೀರ್ಪಾಯಿತು. ಕೇಳುವುದಕ್ಕೆ ತರ್ಕ ಚೆನ್ನಾಗಿದೆ.

ಆದರೆ ಸರ್ಕಾರವೇ ಈ ತರ್ಕವನ್ನು ಎಷ್ಟು ಕಡೆ ಗಾಳಿಗೆ ತೂರಿದೆ, ನೋಡಿ. ತೆರಿಗೆ ವಸೂಲಿಗೆ ಬಂದಾಗ ಸಂಸ್ಥೆ ಬೇರೆಯೇ ವ್ಯಕ್ತಿ. ಅದಕ್ಕೆ ಬೇರೆ ಪ್ಯಾನ್, ಬೇರೆ ರಿಟರ್ನು, ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ. 2025ರ ಏಪ್ರಿಲ್‌ನಿಂದ 194ಟಿ ಕಲಮು ಬಂತು: ಪಾಲುದಾರನಿಗೆ ವರ್ಷಕ್ಕೆ 20,000 ರೂಪಾಯಿ ಮೀರಿ ಸಂಬಳವೋ ಬಡ್ಡಿಯೋ ಕೊಟ್ಟರೆ ಸಂಸ್ಥೆ ಶೇ 10 ಟಿಡಿಎಸ್ ಮುರಿಯಬೇಕು. ನೌಕರನ ಸಂಬಳದಿಂದ ಮುರಿಯುವಾಗ ಅವನ ವರ್ಷದ ತೆರಿಗೆ ಎಷ್ಟಾಗುತ್ತದೆಂದು ಅಂದಾಜು ಮಾಡುತ್ತಾರೆ, ತೆರಿಗೆ ಇಲ್ಲದಿದ್ದರೆ ಮುರಿಯುವುದಿಲ್ಲ. ಪಾಲುದಾರನಿಗೆ ಆ ಮರ್ಯಾದೆಯೂ ಇಲ್ಲ. ವರ್ಷಕ್ಕೆ ಆರು ಲಕ್ಷ ಪಡೆದು ಕೊನೆಗೆ ತೆರಿಗೆಯೇ ಬೀಳದವನಿಂದಲೂ ಹತ್ತನೇ ಒಂದು ಪಾಲು ಮೊದಲೇ ಹೋಯಿತು. ಅದನ್ನು ರಿಫಂಡ್ ಕೇಳಿ ಪಡೆಯುವುದು ಅವನ ಕರ್ಮ. ತನಗೆ ತಾನೇ ಸಂಬಳ ಕೊಟ್ಟುಕೊಳ್ಳಲಾಗದವನು ತನ್ನಿಂದ ತಾನೇ ಟಿಡಿಎಸ್ ಮುರಿದುಕೊಳ್ಳುವುದು ಯಾವ ಶಾಸ್ತ್ರ? ಕಿತ್ತುಕೊಳ್ಳುವಾಗ ಸಂಸ್ಥೆ ಬೇರೆ, ಪಾಲುದಾರ ಬೇರೆ. ಕೊಡುವಾಗ ಇಬ್ಬರೂ ಒಂದೇ.

ಇನ್ನು 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ (ಎಲ್‌ಎಲ್‌ಪಿ) ಕಾಯ್ದೆ ಚಿದಂಬರಂ ಪಿಳ್ಳೈ ತರ್ಕದ ಬುಡವನ್ನೇ ಕಡಿದಿದೆ. ಎಲ್‌ಎಲ್‌ಪಿ ತನ್ನ ಪಾಲುದಾರರಿಂದ ಪ್ರತ್ಯೇಕವಾದ ಕಾನೂನು ವ್ಯಕ್ತಿ ಎಂದು ಆ ಕಾಯ್ದೆಯೇ ಸಾರುತ್ತದೆ. ಪ್ರತ್ಯೇಕ ವ್ಯಕ್ತಿಯಾದ ಮೇಲೆ ಅದು ಪಾಲುದಾರನಿಗೆ ಸಂಬಳ ಕೊಡಬಹುದಲ್ಲವೇ, ಅವನ ಪಿಂಚಣಿಗೆ ವಂತಿಗೆ ಹಾಕಬಹುದಲ್ಲವೇ? ಇಲ್ಲ. ತೆರಿಗೆ ಕಾಯ್ದೆಗೆ ಎಲ್‌ಎಲ್‌ಪಿಯೂ ಬರಿಯ ‘ಸಂಸ್ಥೆ’, ಅದರ ಪಾಲುದಾರನ ಸಂಬಳವೂ ಸಂಬಳವಲ್ಲ. ಕಾರಣ ಸತ್ತ ಮೇಲೂ ನಿಯಮ ಬದುಕಿದೆ.

ಎರಡನೆಯ ಆರೋಪ ಇನ್ನೂ ಗಂಭೀರವಾದದ್ದು. ಪಿಂಚಣಿಗೆ ಎಷ್ಟು ಹಾಕಬಹುದು ಎಂದು ನಿರ್ಧರಿಸಲು ಪಾಲುದಾರನ ಆದಾಯ ಎಷ್ಟು ಎಂದು ಗೊತ್ತಾಗಬೇಕು. ಆ ಲೆಕ್ಕವನ್ನೇ ಕಾನೂನು ಕೆಡಿಸಿಟ್ಟಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಯಂ ಉದ್ಯೋಗಿ ತನ್ನ ಒಟ್ಟು ಆದಾಯದ ಶೇ 20ರಷ್ಟನ್ನು, ಒಂದೂವರೆ ಲಕ್ಷದ ಒಟ್ಟು ಮಿತಿಯೊಳಗೆ, ಎನ್‌ಪಿಎಸ್‌ಗೆ ಹಾಕಿ ವಿನಾಯಿತಿ ಪಡೆಯಬಹುದು. ಉದಾರವಾಗಿ ಕಾಣುತ್ತದೆ. ಯಾವುದರ ಶೇ 20? ಸಂಸ್ಥೆಯ ಲಾಭದಲ್ಲಿ ಪಾಲುದಾರನಿಗೆ ಬರುವ ಪಾಲು ಅವನ ಕೈಯಲ್ಲಿ ತೆರಿಗೆಮುಕ್ತ, ಏಕೆಂದರೆ ಸಂಸ್ಥೆ ಆಗಲೇ ಅದರ ಮೇಲೆ ಶೇ 30 ಕಟ್ಟಿದೆ. ತೆರಿಗೆಮುಕ್ತವಾದ್ದರಿಂದ ಅದು ಒಟ್ಟು ಆದಾಯದೊಳಗೆ ಬರುವುದೇ ಇಲ್ಲ. ಹಾಗಾಗಿ ಶೇ 20ರ ಲೆಕ್ಕಕ್ಕೆ ಉಳಿಯುವುದು ಪಾಲುಪತ್ರದಲ್ಲಿ ಬರೆದ ಸಂಬಳ ಮತ್ತು ಬಡ್ಡಿ ಮಾತ್ರ.

ಆ ಸಂಬಳಕ್ಕೂ ಮಿತಿಯಿದೆ. ಪುಸ್ತಕ ಲಾಭದ, ಅಂದರೆ ಪಾಲುದಾರರ ಸಂಬಳ ಕಳೆಯುವ ಮುಂಚಿನ ಲಾಭದ, ಮೊದಲ ಆರು ಲಕ್ಷಕ್ಕೆ ಶೇ 90 ಅಥವಾ ಮೂರು ಲಕ್ಷ, ಯಾವುದು ಹೆಚ್ಚೋ ಅದು; ಉಳಿದುದಕ್ಕೆ ಶೇ 60. ಇಬ್ಬರು ಸಮಪಾಲುದಾರರ ಸಂಸ್ಥೆಗೆ 20 ಲಕ್ಷ ಪುಸ್ತಕ ಲಾಭ ಬಂತೆನ್ನಿ. ಸಂಸ್ಥೆ ಖರ್ಚು ತೋರಿಸಬಹುದಾದ ಸಂಬಳ ಹೆಚ್ಚೆಂದರೆ 13.8 ಲಕ್ಷ, ತಲಾ 6.9 ಲಕ್ಷ. ಉಳಿದ 6.2 ಲಕ್ಷವೂ ಅದೇ ಇಬ್ಬರ ಬೆವರಿನದು. ಆದರೆ ಸಂಸ್ಥೆಯ ಮಟ್ಟದಲ್ಲಿ ತೆರಿಗೆ ತೆತ್ತು ಕೈಗೆ ಬರುವ ಆ ಹಣ ಪಿಂಚಣಿಯ ಲೆಕ್ಕದಲ್ಲಿ ಸೊನ್ನೆ. ಪಾಲುಪತ್ರದಲ್ಲಿ ಸಂಬಳದ ಷರತ್ತನ್ನು ಬರೆಯಲು ಮರೆತಿದ್ದರಂತೂ ಇಪ್ಪತ್ತಕ್ಕೆ ಇಪ್ಪತ್ತು ಲಕ್ಷವೂ ಸೊನ್ನೆ. ಲೆಕ್ಕಪತ್ರದ ಗೋಜು ಬೇಡವೆಂದು ವಹಿವಾಟಿನ ಶೇ 8 ಅಥವಾ 6ನ್ನು ಲಾಭವೆಂದು ಒಪ್ಪಿಕೊಳ್ಳುವ ಅಂದಾಜು ತೆರಿಗೆ ಯೋಜನೆಗೆ ಸೇರಿದ ಚಿಕ್ಕ ಸಂಸ್ಥೆಗೆ, 2016ರ ತಿದ್ದುಪಡಿಯ ನಂತರ, ಆ ಲಾಭದಿಂದ ಪಾಲುದಾರರ ಸಂಬಳ ಕಳೆಯಲೂ ಅವಕಾಶವಿಲ್ಲ. ಅಂದರೆ ಸಂಸ್ಥೆ ಚಿಕ್ಕದಾದಷ್ಟೂ ಮುಪ್ಪಿಗೆ ಉಳಿಸುವ ದಾರಿ ಕಿರಿದು. ಇದನ್ನು ಯಾವ ಬಾಯಲ್ಲಿ ಸಾಮಾಜಿಕ ಭದ್ರತೆ ಎನ್ನೋಣ?

ಕಾಲದ ವಿಷಯದಲ್ಲೂ ಇದೇ ಕಥೆ. ವಿನಾಯಿತಿ ಬೇಕಾದರೆ ಎನ್‌ಪಿಎಸ್‌ಗೆ ಮಾರ್ಚ್ 31ರೊಳಗೆ ಹಣ ಹಾಕಿರಬೇಕು. ಪುಸ್ತಕ ಲಾಭ ಗೊತ್ತಾಗುವುದು ದಾಸ್ತಾನು ಎಣಿಸಿ, ಬಾಕಿ ತಾಳೆ ನೋಡಿ, ಆಡಿಟ್ ಮುಗಿದ ಮೇಲೆ, ಎಷ್ಟೋ ಕಡೆ ಸೆಪ್ಟೆಂಬರಿನಲ್ಲಿ. ಲಾಭ ಗೊತ್ತಾಗದೆ ಸಂಬಳ ಗೊತ್ತಾಗದು, ಸಂಬಳ ಗೊತ್ತಾಗದೆ ಅದರ ಶೇ 20 ಗೊತ್ತಾಗದು. ಇನ್ನೂ ಹುಟ್ಟದ ಕೂಸಿಗೆ ಕುಲಾವಿ ಹೊಲಿಯಬೇಕೆಂದು ಕಾನೂನು ಪಾಲುದಾರನಿಗೆ ಅಪ್ಪಣೆ ಮಾಡುತ್ತದೆ. ಅಳತೆ ತಪ್ಪಿದರೆ ಹೊಣೆ ಅವನದೇ.

ಇಷ್ಟಾದರೂ ಹಳೆಯ ಪದ್ಧತಿಯಲ್ಲಿ ಏನೋ ಒಂದು ಸಿಗುತ್ತಿತ್ತು. ಆ ಒಂದೂವರೆ ಲಕ್ಷದ ಮಿತಿಯನ್ನು ಎಲ್‌ಐಸಿ ಕಂತು, ಮಕ್ಕಳ ಶಾಲಾ ಶುಲ್ಕ, ಮನೆ ಸಾಲದ ಅಸಲಿನ ಜೊತೆ ಹಂಚಿಕೊಳ್ಳಬೇಕಿದ್ದರೂ, ಮೇಲೊಂದು 50,000 ಎನ್‌ಪಿಎಸ್‌ಗೆಂದೇ ಇತ್ತು. ಈಗ ಸರ್ಕಾರ ಎಲ್ಲರನ್ನೂ ತಳ್ಳುತ್ತಿರುವ ಹೊಸ ಪದ್ಧತಿಯಲ್ಲಿ ಅದೆರಡೂ ಇಲ್ಲ. ಎನ್‌ಪಿಎಸ್‌ಗೆ ಉಳಿದ ವಿನಾಯಿತಿ ಒಂದೇ: ಮಾಲೀಕ ತನ್ನ ನೌಕರನ ಖಾತೆಗೆ ಹಾಕುವ ವಂತಿಗೆ. ಅದರ ಮಿತಿಯನ್ನು 2024ರಲ್ಲಿ ಶೇ 10ರಿಂದ 14ಕ್ಕೆ ಏರಿಸಿದರು. ಏರಿಸಲಿ, ಸಂತೋಷ. ಆದರೆ ಮಾಲೀಕನೇ ಇಲ್ಲದವನಿಗೆ? ಶೇ 14 ಇರಲಿ, ಶೇ 40 ಮಾಡಿದರೂ ಪಾಲುದಾರನಿಗೆ ಸಿಗುವುದು ಸೊನ್ನೆಯೇ.

ಹಾಗಾದರೆ ಹಳೆಯ ಪದ್ಧತಿಗೇ ಹೋಗಲಿ ಎನ್ನುವಿರೇ? ನೌಕರ ವರ್ಷವರ್ಷವೂ ಹಳೆಯದೋ ಹೊಸದೋ ಎಂದು ಆಯ್ದುಕೊಳ್ಳಬಹುದು. ವ್ಯಾಪಾರದ ಆದಾಯ ಉಳ್ಳವನಿಗೆ ಆ ಸ್ವಾತಂತ್ರ್ಯವಿಲ್ಲ. ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದನೋ, ವ್ಯಾಪಾರ ಇರುವ ತನಕ ಹಳೆಯದರ ಬಾಗಿಲು ಮುಚ್ಚಿತು. ಪಾಲುದಾರನ ಸಂಬಳವನ್ನು ವ್ಯಾಪಾರದ ಆದಾಯವೆಂದು ಕರೆದ ಪುಣ್ಯ ಇಲ್ಲಿಯೂ ಅವನ ಬೆನ್ನು ಬಿಡಲಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್‌ನಿಂದ ಬಂತು. ಭಾಷೆ ಸರಳವಾಯಿತು, ಕಲಮುಗಳ ಸಂಖ್ಯೆ ಬದಲಾಯಿತು ಎಂದು ಡಂಗುರ ಸಾರಿದರು. ಪಾಲುದಾರನ ಪಾಡು ಮಾತ್ರ ಇದ್ದಲ್ಲೇ ಇದೆ.

ಈ ಅನ್ಯಾಯ ಎಷ್ಟು ಟೊಳ್ಳು ಆಧಾರದ ಮೇಲೆ ನಿಂತಿದೆ ಎಂದು ತಿಳಿಯಲು ಒಂದೇ ಬೀದಿಯ ಎರಡು ಅಂಗಡಿಗಳನ್ನು ನೋಡಿ. ಒಂದು ಪಾಲುದಾರಿಕೆ, ಇನ್ನೊಂದು ಪ್ರೈವೇಟ್ ಲಿಮಿಟೆಡ್. ಎರಡಕ್ಕೂ ಇಬ್ಬರು ಅಣ್ಣತಮ್ಮಂದಿರೇ ಒಡೆಯರು. ಕಂಪನಿಯ ಅಣ್ಣ ತನ್ನದೇ ಕಂಪನಿಯಲ್ಲಿ ನಿರ್ದೇಶಕ, ಹಾಗೆಯೇ ನೌಕರ. ಅವನಿಗೆ ಮೂಲವೇತನ 15 ಲಕ್ಷ, ಮೇಲೆ ಕಂಪನಿ ಅವನ ಎನ್‌ಪಿಎಸ್‌ಗೆ ಹಾಕುವುದು ಶೇ 14, ಅಂದರೆ 2.1 ಲಕ್ಷ. ಒಟ್ಟು 17.1 ಲಕ್ಷ. ಪಕ್ಕದ ಅಂಗಡಿಯ ಪಾಲುದಾರನಿಗೂ ಸಂಬಳ 17.1 ಲಕ್ಷವೇ, ಅವನೂ 2.1 ಲಕ್ಷವನ್ನು ಎನ್‌ಪಿಎಸ್‌ಗೆ ಹಾಕುತ್ತಾನೆ. ಹೊಸ ಪದ್ಧತಿಯ 2025–26ರ ದರಗಳಲ್ಲಿ ನಿರ್ದೇಶಕನಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆ, ಸೆಸ್ ಸೇರಿ, 97,500 ರೂಪಾಯಿ. ಪಾಲುದಾರನಿಗೆ 1,47,680 ರೂಪಾಯಿ. ಅದೇ ದುಡಿಮೆ, ಅದೇ ಉಳಿತಾಯ, ಅದೇ ಮುಪ್ಪು. ವರ್ಷಕ್ಕೆ 50,000ಕ್ಕೂ ಮೀರಿದ ದಂಡ ಯಾತಕ್ಕೆ? ಬೋರ್ಡಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’ ಎಂದು ಬರೆಸಲಿಲ್ಲ ಎಂಬುದಕ್ಕೆ.

ಕಂಪನಿ ಮಾಡಿಕೊಂಡರಾಯಿತು ಎಂದು ಹೇಳುವ ಬುದ್ಧಿವಂತರಿಗೊಂದು ಮಾತು: ಕಂಪನಿಗೆ ಪ್ರತಿವರ್ಷ ಕಂಪನಿ ರಿಜಿಸ್ಟ್ರಾರರಿಗೆ (ಆರ್‌ಒಸಿ) ಒಪ್ಪಿಸುವ ಲೆಕ್ಕ, ಕಡ್ಡಾಯ ಆಡಿಟ್, ಸಭೆಯ ನಡಾವಳಿ, ತಡವಾದರೆ ದಂಡ. ತರಕಾರಿ ಮಂಡಿಯ ಇಬ್ಬರು ಪಾಲುದಾರರು ಮುಪ್ಪಿನ ಗಂಜಿಗೋಸ್ಕರ ಕಂಪನಿ ಕಾಯ್ದೆ ಕಲಿಯಬೇಕೆನ್ನುವುದು ನ್ಯಾಯವೋ, ಕುಚೋದ್ಯವೋ?

ಬಡವರ ಯೋಜನೆಗಳಿವೆಯಲ್ಲ ಎಂಬ ಮಾತೂ ಬರುತ್ತದೆ. 2019ರಲ್ಲಿ ಸಣ್ಣ ವರ್ತಕರಿಗೆಂದೇ ಕೇಂದ್ರ ಸರ್ಕಾರ ಪಿಂಚಣಿ ಯೋಜನೆ ತಂದಿತು. ಅರವತ್ತರ ನಂತರ ತಿಂಗಳಿಗೆ 3,000 ರೂಪಾಯಿ. ನಲವತ್ತು ದಾಟಿದವರಿಗೆ ಪ್ರವೇಶವಿಲ್ಲ, ಆದಾಯ ತೆರಿಗೆ ಕಟ್ಟುವವರಿಗೂ ಇಲ್ಲ. ಮೂರು ಕೋಟಿ ವರ್ತಕರನ್ನು ತಲುಪುವ ಮಾತಾಡಿದ ಆ ಯೋಜನೆ ಗುರಿಯ ಸಮೀಪಕ್ಕೂ ಸುಳಿಯಲಿಲ್ಲ. ಅಟಲ್ ಪಿಂಚಣಿ ಯೋಜನೆಯಲ್ಲಿ ತಿಂಗಳಿಗೆ ಹೆಚ್ಚೆಂದರೆ 5,000. 2022ರ ಅಕ್ಟೋಬರ್‌ನಿಂದ ತೆರಿಗೆದಾರರಿಗೆ ಅದರ ಬಾಗಿಲೂ ಬಂದ್. ಇನ್ನೊಂದು ತುದಿಯಲ್ಲಿ ಕಂಪನಿಯ ದೊಡ್ಡ ಅಧಿಕಾರಿಗೆ ಪಿಎಫ್, ಎನ್‌ಪಿಎಸ್, ಸೂಪರ್‌ಆನ್ಯುಯೇಷನ್ ಸೇರಿ ಮಾಲೀಕನ ವಂತಿಗೆ ವರ್ಷಕ್ಕೆ ಏಳೂವರೆ ಲಕ್ಷದ ತನಕ ತೆರಿಗೆಯಿಲ್ಲದೆ ಸೇರಬಹುದು. ತೆರಿಗೆ ಕಟ್ಟುವಷ್ಟು ದುಡಿಯುವ, ಆದರೆ ಮಾಲೀಕನಿಲ್ಲದ ಪಾಲುದಾರನಿಗೆ ಈ ಎರಡು ತುದಿಗಳ ನಡುವೆ ಏನಿದೆ? “ಅಂಗಡಿಯೇ ನಿನ್ನ ಪಿಂಚಣಿ” ಎಂಬ ಉಪದೇಶ.

ಸರಿ, ಆ ಉಪದೇಶವನ್ನೇ ನಂಬೋಣ. ಅಂಗಡಿ ಪಿಂಚಣಿಯಾಗುವುದು ಹೇಗೆ? ಮೂವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಹೆಸರಿಗೆ, ನಿವೃತ್ತನಾಗುವಾಗ ಉಳಿದ ಪಾಲುದಾರರು ಬೆಲೆ ಕೊಡಬೇಕು. ಕೊಟ್ಟರೆನ್ನಿ. 2021ರಲ್ಲಿ ಬದಲಾದ, ಹಳೆಯ ಕಾಯ್ದೆಯಲ್ಲಿ 45(4)ನೇ ಕಲಮಾಗಿದ್ದ ನಿಯಮ ಅಲ್ಲಿ ಕಾದು ಕೂತಿದೆ. ಬಂಡವಾಳ ಖಾತೆಯ ಬಾಕಿಗಿಂತ ಹೆಚ್ಚಾಗಿ ಪಾಲುದಾರನಿಗೆ ಸಂದ ಹಣವನ್ನು ಸಂಸ್ಥೆಯ ಬಂಡವಾಳ ಲಾಭವೆಂದು ಎಣಿಸಿ ತೆರಿಗೆ ಹಾಕುತ್ತದೆ. ಆ ಬಾಕಿಯನ್ನು ಲೆಕ್ಕ ಹಾಕುವಾಗ ಸಂಸ್ಥೆ ತಾನೇ ಗಳಿಸಿದ ಗುಡ್‌ವಿಲ್ಲನ್ನು ಸೇರಿಸುವಂತಿಲ್ಲ ಎಂದು ಬೇರೆ ಹೇಳಿದೆ. ಹೆಸರು ಗಳಿಸಿದ್ದೇ ಅವನ ಪಿಂಚಣಿ ಎನ್ನುವವರು, ಆ ಹೆಸರಿಗೆ ಬಂದ ಬೆಲೆಯ ಮೇಲೆ ಇಂಥ ತೆರಿಗೆ ಹೇರುವ ಸರ್ಕಾರವನ್ನು ಎಂದಾದರೂ ಪ್ರಶ್ನಿಸಿದ್ದಾರೆಯೇ?

ಅದೂ ಅಂಗಡಿ ಉಳಿದರೆ. ರಸ್ತೆ ಅಗಲೀಕರಣಕ್ಕೆ ಹೋದ ಅಂಗಡಿ, ಆನ್‌ಲೈನ್ ಮಾರಾಟ ಬಂದು ಸೊರಗಿದ ಮೊಬೈಲ್ ಅಂಗಡಿ, ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ನಡೆಸುವವರಿಲ್ಲದೆ ಬಾಗಿಲು ಹಾಕಿದ ಬಟ್ಟೆ ಅಂಗಡಿ: ಯಾವ ಊರಿನ ಪೇಟೆ ಬೀದಿಯಲ್ಲಿ ಇವಿಲ್ಲ? 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನೂ ತನ್ನ ಸ್ವಂತ ಆಸ್ತಿಯೊಂದಿಗೆ ಹೊಣೆ. ಅಂಗಡಿ ಮುಳುಗಿದರೆ ಅವನ ‘ಪಿಂಚಣಿ’ ಹೋಗುವುದಷ್ಟೇ ಅಲ್ಲ, ಮನೆಯೂ ಹೋಗಬಹುದು. ಮುಳುಗುವ ದೋಣಿಯಲ್ಲೇ ಪ್ರಾಣವನ್ನೂ ಗಂಟನ್ನೂ ಇಡು ಎನ್ನುವುದು ಯಾವ ಸೀಮೆಯ ಆರ್ಥಿಕ ಜಾಣತನ?

ಕೊನೆಗೆ ಎಲ್ಲರ ಬತ್ತಳಿಕೆಯ ಬಾಣ ಹೊರಗೆ ಬರುತ್ತದೆ: “ವ್ಯಾಪಾರಸ್ಥರು ಹೇಗೂ ಆದಾಯ ಮುಚ್ಚಿಡುತ್ತಾರೆ.” ಮುಚ್ಚಿಡುವವರನ್ನು ಹಿಡಿಯಿರಿ, ಯಾರು ಬೇಡವೆಂದರು? ಆದರೆ ಆದಾಯ ಪೂರ್ತಿ ತೋರಿಸಿದವನಿಗೆ ನೀವು ಇಟ್ಟಿರುವ ಬಹುಮಾನವೇನು? ತೋರಿಸಿದಷ್ಟೂ ತೆರಿಗೆ, ಮುಪ್ಪಿಗೆ ಮಾತ್ರ ಏನೂ ಇಲ್ಲ. ತೋರಿಸಿದ ಆದಾಯದ ಮೇಲೆ ಪಿಂಚಣಿ ವಂತಿಗೆಯ ಹಕ್ಕು ಹುಟ್ಟುವಂತೆ ಮಾಡಿ, ಆಗ ಪ್ರತಿ ಮಾರ್ಚಿನಲ್ಲಿ ಆಡಿಟರ್ ಮುಂದೆ ಕೂತು “ಕಡಿಮೆ ತೋರಿಸಿ” ಎನ್ನುವ ಪಾಲುದಾರನ ಸ್ವಾರ್ಥವೇ “ಸರಿಯಾಗಿ ತೋರಿಸಿ” ಎನ್ನತೊಡಗುತ್ತದೆ. ಕಳ್ಳತನಕ್ಕೆ ಕಾರಣವಾಗುವ ಕಾನೂನನ್ನು ಬರೆದು, ಆಮೇಲೆ ಕಳ್ಳತನವನ್ನೇ ಆ ಕಾನೂನಿನ ಸಮರ್ಥನೆಗೆ ತರುವುದು ನಾಚಿಕೆಗೇಡು.

“ಪಾಲುದಾರನ ಆದಾಯ ನಿರ್ಧರಿಸುವುದು ಬಲು ಜಟಿಲ, ವಂತಿಗೆ ಕಳೆದರೆ ಲಾಭ ಇಳಿಯುತ್ತದೆ, ಲಾಭ ಇಳಿದರೆ ವಂತಿಗೆ ಇಳಿಯುತ್ತದೆ, ಲೆಕ್ಕ ಸುತ್ತುತ್ತಲೇ ಇರುತ್ತದೆ” ಎಂದು ಅಧಿಕಾರಿಗಳು ತಲೆ ಕೆರೆದುಕೊಳ್ಳಬಹುದು. ಈ ಸುತ್ತನ್ನು ಅಮೆರಿಕ ಬಿಡಿಸಿ ಅರವತ್ತು ವರ್ಷ ದಾಟಿದೆ. ನ್ಯೂಯಾರ್ಕಿನ ಸಂಸದ ಯೂಜೀನ್ ಕಿಯೋ ಹೆಸರಿನಲ್ಲಿ ಪ್ರಸಿದ್ಧವಾದ 1962ರ ಕಾಯ್ದೆ ಒಂದೇ ಮಾತಿನಲ್ಲಿ ಕಗ್ಗಂಟು ಕತ್ತರಿಸಿತು: ಪಿಂಚಣಿಯ ಉದ್ದೇಶಕ್ಕೆ ಪಾಲುದಾರ ನೌಕರ, ಪಾಲುದಾರಿಕೆ ಸಂಸ್ಥೆ ಅವನ ಮಾಲೀಕ. 1982ರಲ್ಲಿ ಕಂಪನಿ ನೌಕರನಿಗೂ ಸ್ವಯಂ ಉದ್ಯೋಗಿಗೂ ಇದ್ದ ಅಂತರವನ್ನು ಬಹುಮಟ್ಟಿಗೆ ಅಳಿಸಿಹಾಕಿದರು. ಅಲ್ಲಿ ಪಾಲುದಾರನ ದುಡಿಮೆಯ ಪಾಲು, ಲಾಭದ್ದೂ ಸೇರಿ, ಒಂದೇ ಲೆಕ್ಕಕ್ಕೆ ಬರುತ್ತದೆ. ಸ್ವಯಂ ಉದ್ಯೋಗ ತೆರಿಗೆಯ ಅರ್ಧವನ್ನೂ ವಂತಿಗೆಯನ್ನೂ ಅದರಿಂದ ಕಳೆಯುತ್ತಾರೆ. ಲೆಕ್ಕ ಸುತ್ತದಿರಲೆಂದು ಶೇ 25ರ ಮಿತಿ ವಂತಿಗೆ ಕಳೆಯುವ ಮುಂಚಿನ ಮೊತ್ತದ ಶೇ 20 ಆಗುತ್ತದೆ. ಮುಗಿಯಿತು, ಇಷ್ಟೇ ಗಣಿತ. ಸೆಪ್ ಎಂಬ ಯೋಜನೆಯಲ್ಲಿ ರಿಟರ್ನ್ ಸಲ್ಲಿಸುವ ಗಡುವಿನವರೆಗೂ ಹಣ ಹಾಕಬಹುದು, ಲಾಭ ತಿಳಿದ ಮೇಲೆ. ಅಲ್ಲಿ ಪಾಲುದಾರಿಕೆಯಲ್ಲಿ ಕ್ಲಿನಿಕ್ ನಡೆಸುವ ಕನ್ನಡಿಗ ವೈದ್ಯನಿಗೆ ದಕ್ಕುವುದು ಮಂಡ್ಯದಲ್ಲಿ ಪಾಲುದಾರಿಕೆಯಲ್ಲಿ ಕ್ಲಿನಿಕ್ ನಡೆಸುವ ಅವನ ಸಹಪಾಠಿಗೆ ದಕ್ಕಬಾರದೇಕೆ? ಗಣಿತವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಮನಸ್ಸು ಬೇಕು.

ಆದ್ದರಿಂದ ಕೇಳಬೇಕಾದದ್ದನ್ನು ಗೊಣಗದೆ ಕೇಳೋಣ. ಒಂದು, ಪಿಂಚಣಿಯ ಮಟ್ಟಿಗೆ ದುಡಿಯುವ ಪಾಲುದಾರನನ್ನು ನೌಕರನೆಂದೂ ಸಂಸ್ಥೆಯನ್ನು, ಎಲ್‌ಎಲ್‌ಪಿಯನ್ನೂ ಸೇರಿಸಿ, ಮಾಲೀಕನೆಂದೂ ಕಾಯ್ದೆಯಲ್ಲೇ ಬರೆಯಿರಿ. ಶೇ 14ರ ವಂತಿಗೆ ಹೊಸ ಪದ್ಧತಿಯಲ್ಲಿಯೇ ಸಿಗಲಿ, ಪಾಲುದಾರನ ಸಂಬಳದ ಮಿತಿಯ ಹೊರಗೆ ಸಿಗಲಿ. ಎರಡು, ವಂತಿಗೆಯ ಲೆಕ್ಕಕ್ಕೆ ಸಂಬಳವನ್ನೂ ಲಾಭದ ಪಾಲನ್ನೂ ಕೂಡಿಸಿ, ಬಂಡವಾಳದ ಬಡ್ಡಿಯನ್ನು ಮಾತ್ರ ಬಿಡಿ. ಬಡ್ಡಿ ದುಡ್ಡಿನ ಕೂಲಿ, ಉಳಿದದ್ದು ಮನುಷ್ಯನ ಕೂಲಿ. ಮೂರು, ಹಣ ಹಾಕುವ ಗಡುವನ್ನು ರಿಟರ್ನ್ ಸಲ್ಲಿಸುವ ದಿನದವರೆಗೆ ವಿಸ್ತರಿಸಿ. ನಾಲ್ಕು, ನಷ್ಟದ ವರ್ಷದಲ್ಲಿ ಬಳಸಲಾಗದ ಮಿತಿಯನ್ನು ಲಾಭದ ವರ್ಷಕ್ಕೆ ಒಯ್ಯಲು ಬಿಡಿ. ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲು ಬರುವ ಕಾನೂನಿಗೆ ಇದೇನು ಹೊಸ ವಿದ್ಯೆಯಲ್ಲ.

ವರ್ತಕರ ಸಂಘಗಳ ಪದಾಧಿಕಾರಿಗಳೇ, ಬಜೆಟ್ ಪೂರ್ವ ಸಭೆಗೆ ಪ್ರತಿವರ್ಷ ಜಿಎಸ್‌ಟಿ ದರದ ಮನವಿ ಹಿಡಿದು ಹೋಗುತ್ತೀರಿ, ಹಾರ ಹಾಕಿ ಫೋಟೊ ತೆಗೆಸಿಕೊಂಡು ಬರುತ್ತೀರಿ. ಈ ಸಲ ಮೊದಲ ಪುಟದಲ್ಲಿ ಈ ನಾಲ್ಕು ಬೇಡಿಕೆ ಇರಲಿ. ಆಡಿಟರುಗಳೇ, ನೀವೂ ಪಾಲುದಾರರೇ, ಈ ಅನ್ಯಾಯ ನಿಮ್ಮ ಕಣ್ಣಿಗೆ ಮೊದಲು ಬಿದ್ದದ್ದು. ನಿಮ್ಮ ಸಂಘಟನೆಯ ಬಾಯಿ ತೆರೆಸಿ. ಪಾಲುದಾರರೇ, ನಿಮ್ಮ ಕ್ಷೇತ್ರದ ಸಂಸದ ಓಟು ಕೇಳಲು ಗಲ್ಲಾದ ಮುಂದೆ ಬಂದು ಕೈ ಮುಗಿದಾಗ ಟೀ ತರಿಸಿ, ಕೂರಿಸಿ, ಕೇಳಿ: “ಸ್ವಾಮಿ, ನಮ್ಮ ಬೆವರು ತೆರಿಗೆಗೆ ಆದಾಯ, ಮುಪ್ಪಿಗೆ ಮಾತ್ರ ಸೊನ್ನೆ ಏಕೆ?” ಉತ್ತರ ಕೊಡದೆ ಅವರನ್ನು ಅಂಗಡಿಯ ಮೆಟ್ಟಿಲು ಇಳಿಯಲು ಬಿಡಬೇಡಿ.